ಬರ್ ದುಬೈಯ ಕಾಯಿಲ್ ಕಾಕ

ಕಾಕನ ಎಡಗಿವಿಯ ಮಡಿಕೆಯಲ್ಲಿ ಸದಾ ಒಂದು ಚೂರು ಹತ್ತಿ ಸಿಕ್ಕಿಕೊಂಡಿರುತ್ತಿತ್ತು. ಅತ್ತರಿನಲ್ಲಿ ಅದ್ದಿದ ಹತ್ತಿ. ಬೆಳಿಗ್ಗೆ ಬಿಳಿಯಾಗಿದ್ದದ್ದು ಸಂಜೆಯ ಹೊತ್ತಿಗೆ ಚಹಾದ ಬಣ್ಣಕ್ಕೆ ತಿರುಗಿರುತ್ತಿತ್ತು. ಮೊದಲ ಸಲ ಅಂಗಡಿಗೆ ಹೋದಾಗ ನಾನು, ಬಡಗಿಗಳು ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಳ್ಳುವಂತೆ ಇವರು ಕೆಲಸದ ಹತ್ತಿಯನ್ನು ಅಲ್ಲಿ ಇಟ್ಟುಕೊಂಡಿದ್ದಾರೆ ಅಂದುಕೊಂಡಿದ್ದೆ. ಏಕೆಂದರೆ ಅವರ ಮೇಜಿನ ತುಂಬ ಹತ್ತಿಯೇ ಇತ್ತು. ಹತ್ತಿ, ಕೂದಲಿನಷ್ಟು ಸಣ್ಣ ತಂತಿಯ ಉಂಡೆಗಳು, ಚಿಮಟ, ಪುಟ್ಟ ಸ್ಕ್ರೂ ಡ್ರೈವರುಗಳು.

ಅದು ವೇಪ್, ಅಂದರೆ ಇ-ಸಿಗರೇಟಿನ, ಅಂಗಡಿ. ಬರ್ ದುಬೈಯ ಬಟ್ಟೆ ಅಂಗಡಿಗಳ ಸಾಲು ಮುಗಿದು ಕ್ರೀಕ್ ಎನ್ನುವ ಕಡಲಕಾಲುವೆಯ ಕಡೆ ತಿರುಗುವ ಗಲ್ಲಿಯಲ್ಲಿ, ಇಬ್ಬರು ನಿಂತರೆ ಮೂರನೆಯವರು ಹೊರಗೇ ಕಾಯಬೇಕಾದಷ್ಟು ಕಿರಿದಾದದ್ದು. ಕಾಕ ಬಂಟ್ವಾಳದ ಕಡೆಯ ಬ್ಯಾರಿ. ಗಲ್ಲಿಯ ಕರಾವಳಿಯವರೆಲ್ಲ ಅವರನ್ನು ಕಾಕ ಎನ್ನುತ್ತಿದ್ದರು, ಮೈಸೂರಿನವನಾದ ನಾನೂ ಹಾಗೇ ಕರೆದೆ. ಅವರು ಕೊನೆಯವರೆಗೂ ನನ್ನನ್ನು 'ಮೈಸೂರಿನವ್ರೇ' ಎಂದೇ ಕರೆದರು.

ಆಗ ನನ್ನ ಕೆಲಸ ದುಬೈಯ ಅಂಚಿನ ಸಿಲಿಕಾನ್ ಓಯಸಿಸ್‌ನ ಒಂದು ಕಂಪನಿಯಲ್ಲಿ, ವಾಸ ಬರ್ ದುಬೈಯಲ್ಲಿ, ಹಲವರು ಹಂಚಿಕೊಂಡ ರೂಮಿನ ಒಂದು ಬೆಡ್ ಸ್ಪೇಸಿನಲ್ಲಿ. ಹೆಂಡತಿ ಮತ್ತು ಮಗಳು ಮೈಸೂರಿನಲ್ಲೇ ಇದ್ದರು. ಮಗಳಿಗೆ ವೀಸಿಂಗ್. ಹೊಗೆ ತಾಕಿದರೆ ಸಾಕು, ಎದೆಯೊಳಗೆ ಸಿಳ್ಳೆ ಹೊಡೆದಂತೆ ಸದ್ದು ಶುರುವಾಗುತ್ತಿತ್ತು. ಫ್ಯಾಮಿಲಿ ವೀಸಾ ಆಗುವ ಹೊತ್ತಿಗೆ ಹೆಂಡತಿ ಫೋನಿನಲ್ಲಿ ಒಂದೇ ಮಾತು ಹೇಳಿದಳು. "ನೀವು ಸಿಗರೇಟ್ ಬಿಟ್ರೆ ನಾವು ಬರ್ತೀವಿ. ಬಿಡೋಕಾಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ, ಇವಳನ್ನ ಇಲ್ಲೇ ಸ್ಕೂಲಿಗೆ ಹಾಕ್ತೀನಿ." ಅವಳು ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ವಾದ ಹೂಡುತ್ತಿದ್ದೆ. ತಣ್ಣಗೆ ಹೇಳಿದ್ದರಿಂದ ಬಿಡುತ್ತೇನೆ ಎಂದುಬಿಟ್ಟೆ. ನಾನು ಕಾಲೇಜಿನ ದಿನಗಳಿಂದ ಸೇದುತ್ತಿದ್ದವನು. ಒಂದೇ ಏಟಿಗೆ ಬಿಡಲು ಹೋಗಿ ಹಲವು ಸಲ ಸೋತಿದ್ದೆ. ಆಫೀಸಿನಲ್ಲಿ ಯಾರೋ ವೇಪ್ ಹಿಡಿದು ಕ್ರಮೇಣ ಬಿಟ್ಟರಂತೆ ಎಂದು ಕೇಳಿ ಕಾಕನ ಅಂಗಡಿಯ ಮೆಟ್ಟಿಲು ಹತ್ತಿದೆ.

"ಬಿಡ್ಲಿಕ್ಕೆ ತಗೊಳ್ಳುದಾ, ಶೋಕಿಗಾ?" ಇದು ಅವರ ಮೊದಲ ಪ್ರಶ್ನೆ.

"ಬಿಡೋಕೆ."

"ಹಾಗಾದ್ರೆ ರೆಡಿಮೇಡ್ ಕಾಯಿಲ್ ಕೊಡುದಿಲ್ಲ. ಕೋಪ ಮಾಡ್ಬೇಡಿ."

ವೇಪಿನ ಒಳಗೆ ಇರುವುದಿಷ್ಟೇ: ಬ್ಯಾಟರಿಯಿಂದ ಕಾಯುವ ತಂತಿಯ ಪುಟ್ಟ ಸುರುಳಿ, ಅದರ ನಡುವೆ ತೂರಿಸಿದ ಹತ್ತಿ, ಆ ಹತ್ತಿ ಹೀರಿಕೊಳ್ಳುವ, ಕಾದಾಗ ಆವಿಯಾಗುವ ನಿಕೋಟಿನ್ ದ್ರವ. ಸುರುಳಿಗೇ ಕಾಯಿಲ್ ಎನ್ನುವುದು. ಅದು ಸಿದ್ಧವಾಗಿಯೂ ಸಿಗುತ್ತದೆ, ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ಅಂಗಡಿಯ ಗೋಡೆಯ ಮೇಲೆ ಅಂಥ ಡಬ್ಬಿಗಳು ಸಾಲಾಗಿ ತೂಗುತ್ತಿದ್ದವು. ನಾನು ಅವುಗಳತ್ತ ಬೆರಳು ತೋರಿಸಿದೆ.

"ಅದು ಬೇರೆಯವ್ರಿಗೆ," ಎಂದರು ಕಾಕ. "ಸಿಗ್ರೇಟ್ ಬಿಡುವವನಿಗೆ ಬಾಯಿಗಿಂತ ಕೈ ಜಾಸ್ತಿ ಉಪದ್ರ ಕೊಡ್ತದೆ. ಕೈಗೆ ಕೆಲ್ಸ ಬೇಕು ಮಾರಾಯ್ರೆ. ಕೂತ್ಕೊಳ್ಳಿ, ನೀವೇ ಸುತ್ತಿ."

ಗಿರಾಕಿಗೆ ಬೇಕಾದ್ದನ್ನು ಕೊಡದೆ ಸ್ಟೂಲು ಕೊಡುವ ಅಂಗಡಿಯವರನ್ನು ನಾನು ಅದೇ ಮೊದಲು ಕಂಡದ್ದು. ಒಳಗೊಳಗೇ ರೇಗಿತು. ಆದರೂ ಕೂತೆ.

ನನ್ನ ಮೊದಲ ಕಾಯಿಲ್ ನೋಡಲು ಮುರಿದ ಬಾಲ್ ಪೆನ್ನಿನ ಸ್ಪ್ರಿಂಗಿನಂತಿತ್ತು. ಸ್ಕ್ರೂ ಡ್ರೈವರಿನ ಕಡ್ಡಿಗೆ ತಂತಿಯನ್ನು ಒತ್ತೊತ್ತಾಗಿ ಸುತ್ತಬೇಕು, ಒಂದರ ಮೇಲೊಂದು ಹತ್ತಬಾರದು. ನನ್ನದು ಹತ್ತಿತು, ಜಾರಿತು, ಕೊನೆಗೆ ಕೈ ತಪ್ಪಿ ಹಾರಿ ಕಾಕನ ಚಹಾದ ಲೋಟಕ್ಕೆ ಬಿತ್ತು. ಅವರು ಚಿಮಟದಿಂದ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಚಹಾ ಕುಡಿದು ಮುಗಿಸಿ, ಇನ್ನೊಂದು ತುಂಡು ತಂತಿ ಕತ್ತರಿಸಿ ಕೊಟ್ಟರು.

ಎರಡನೆಯದನ್ನು ಹೇಗೋ ಕೂರಿಸಿ ಬ್ಯಾಟರಿ ಒತ್ತಿದೆ. ಸುರುಳಿ ಕೆಂಪಗಾಯಿತು. ಎಂಥಾ ಚೆಂದ ಎಂದುಕೊಂಡು, ಒಂದು ಸುತ್ತು ಓರೆಯಾಗಿದ್ದನ್ನು ಬೆರಳಿನಿಂದಲೇ ಸರಿಪಡಿಸಲು ಹೋದೆ. ಕಿರುಚಿದ ಸದ್ದಿಗೆ ಎದುರಿನ ಬಟ್ಟೆ ಅಂಗಡಿಯವರು ಹೊರಗೆ ಬಂದು ನೋಡಿದರು. ಆ ವಾರವಿಡೀ ಆಫೀಸಿನಲ್ಲಿ ತೋರುಬೆರಳು ಎತ್ತಿಕೊಂಡೇ ಟೈಪ್ ಮಾಡಿದೆ. ಅದಾದ ಮೇಲೆ ತಂತಿಯ ತುದಿ ಉದ್ದ ಬಿಟ್ಟು ಅದು ಲೋಹದ ಮೈಗೆ ತಾಗಿ ಶಾರ್ಟ್ ಆಯಿತು. ಮೀಟರಿಗೆ ಇಟ್ಟರೆ ಏನೂ ತೋರಿಸದು. "ಕಾಲು ಚಾಚಿ ಮಲಗಿದೆ ನಿಮ್ದು. ಮಡಚಿ, ಕತ್ತರಿಸಿ," ಎಂದು ಕಾಕ ಕತ್ತರಿ ಮುಂದೆ ತಳ್ಳಿದರು.

ಎಲ್ಲಕ್ಕಿಂತ ದೊಡ್ಡ ಅವಾಂತರ ಹತ್ತಿಯದು. ಸುತ್ತುವುದು ಒಂದಿಷ್ಟು ಕೈಗೆ ಹತ್ತಿದ ಮೇಲೆ ನನಗೆ ಸ್ವಲ್ಪ ಜಂಬ ಬಂದಿತ್ತು. ಒಂದು ಶುಕ್ರವಾರ ರೂಮಿನಲ್ಲೇ ಕಾಯಿಲ್ ಕಟ್ಟಲು ಕೂತಾಗ ಹತ್ತಿ ಮುಗಿದದ್ದು ಗೊತ್ತಾಯಿತು. ಇಲ್ಲಿನ ಹಳೆಯ ಹಿಂದೂ ದೇವಸ್ಥಾನದ ಗಲ್ಲಿಯಲ್ಲಿ ಹೂವು, ಕರ್ಪೂರ ಮಾರುವಲ್ಲಿ ಬತ್ತಿಯ ಹತ್ತಿ ಸಿಗುತ್ತದಲ್ಲ, ಅದನ್ನೇ ತಂದೆ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಕೂತು ಕಾರ್ತಿಕದ ದೀಪಕ್ಕೆ ಬತ್ತಿ ಹೊಸೆದ ಕೈ ನನ್ನದು. ಅಂಗೈಗೆ ಒಂದಿಷ್ಟು ವಿಭೂತಿ ಸವರಿಕೊಂಡು ಹೊಸೆದರೆ ಬತ್ತಿ ನೂಲಿನಂತೆ ಬಿಗಿಯಾಗಿ ಬರುತ್ತದೆ. ವಿಭೂತಿ ಇರಲಿಲ್ಲ, ಪೌಡರ್ ಹಾಕಿಕೊಂಡೆ. ಅಚ್ಚುಕಟ್ಟಾಗಿ ಹೊಸೆದು, ಕಾಯಿಲ್ ಒಳಗೆ ತೂರಿಸಿ, ದ್ರವ ಹನಿಸಿ, ಹೆಮ್ಮೆಯಿಂದ ಒಂದು ದಮ್ಮು ಎಳೆದೆ.

ಆರಿದ ದೀಪದ ಕರಕಲು ಬತ್ತಿಯನ್ನು ಯಾರೋ ಗಂಟಲಿಗೆ ತುರುಕಿದಂತಾಯಿತು. ಮೇಲೆ ಪೌಡರಿನ ಘಮ ಬೇರೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸುತ್ತ, ಅದನ್ನೆಲ್ಲ ಹಾಗೇ ಹಿಡಿದುಕೊಂಡು ಅಂಗಡಿಗೆ ಓಡಿದೆ. ಕಾಕ ಬತ್ತಿಯನ್ನು ಚಿಮಟದಲ್ಲಿ ಎಳೆದು ತೆಗೆದು, ಬೆಳಕಿಗೆ ಹಿಡಿದು, ಮೂಸಿ ನೋಡಿದರು. ಕಥೆ ಕೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ದೇವ್ರಿಗೆ ಹಚ್ಚುದನ್ನು ನೀವು ಬಾಯಿಗೆ ಹಚ್ಚಿದ್ರಾ ಮೈಸೂರಿನವ್ರೇ!"

"ಬತ್ತಿ ಚೆನ್ನಾಗೇ ಹೊಸೆದಿದ್ದೆ ಕಾಕಾ."

"ಚೆನ್ನಾಗಿ ಹೊಸೆದದ್ದೇ ತಪ್ಪು. ದೀಪ ಪಾಪ ನಿಧಾನಕ್ಕೆ ಕುಡೀತದೆ, ಅದಕ್ಕೆ ಬಿಗಿ ಬತ್ತಿ ಸಾಕು. ಇದಕ್ಕೆ ಹಾಗಲ್ಲ. ಹತ್ತಿ ಬಾಚ್ಬೇಕು, ಮಗುವಿನ ತಲೆ ಬಾಚಿದ ಹಾಗೆ. ತಿರುಚ್ಲಿಕ್ಕೆ ಉಂಟಾ?"

ಅವರು ಹತ್ತಿಯನ್ನು ಬಾಚಿ, ಸುರುಳಿಯೊಳಗೆ ಎಳೆದು ತೋರಿಸಿದರು. ಎಳೆಯುವಾಗ ಸುರುಳಿ ಅಲುಗಬಾರದು, ಹತ್ತಿ ಪೂರಾ ಸಡಿಲವಾಗಿಯೂ ಜಾರಬಾರದು. ನಾನು ಮುಂದಿನ ಸಲ ತೀರಾ ಸಡಿಲ ಬಿಟ್ಟೆ. ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದಾಗ ಮಾವಿನ ಘಮದ ದ್ರವವೆಲ್ಲ ಸೋರಿ ಶರ್ಟಿನ ಜೇಬು ಒದ್ದೆಯಾಯಿತು. ನಮ್ಮ ಲೆಬನಾನಿ ಮ್ಯಾನೇಜರ್ ಮೂಗು ಅರಳಿಸಿ, ಇಲ್ಲಿ ಯಾರು ಮಾವಿನಹಣ್ಣು ತಂದಿದ್ದೀರಿ ಎಂದು ಕೇಳಿದಳು. ನಾನು ಫೈಲನ್ನು ಎದೆಗೆ ಅವುಚಿಕೊಂಡು ಕೂತಿದ್ದೆ.

ಒಂದು ಸಂಜೆ, ಕೊನೆಗೂ, ನಾನು ಕಟ್ಟಿದ ಸುರುಳಿ ನಡುವಿನಿಂದ ಎರಡೂ ಬದಿಗೆ ಒಂದೇ ಸಮ ಕೆಂಪಾಯಿತು. ಕಾಕ ಕನ್ನಡಕ ಹಣೆಗೇರಿಸಿ ನೋಡಿ, "ಹ್ಞಾ, ಇದು ಉಸಿರಾಡ್ತದೆ," ಎಂದರು. ಅವರ ಬಾಯಿಂದ ಹೊಗಳಿಕೆ ಎಂದು ಬಂದದ್ದು ಅಷ್ಟೇ. ನನಗೆ ಅದು ಪ್ರಮೋಷನ್ ಸಿಕ್ಕಷ್ಟು ಖುಷಿ ಕೊಟ್ಟಿತು.

ಇಷ್ಟು ಹೊತ್ತಿಗೆ ಅವರ ಉಪಾಯ ನನಗೆ ಅರ್ಥವಾಗಿತ್ತು. ಸೇದಬೇಕು ಎನ್ನಿಸಿದಾಗಲೆಲ್ಲ ಹಳೆ ಕಾಯಿಲ್ ಬಿಚ್ಚಿ ಹೊಸದನ್ನು ಸುತ್ತಲು ಕೂರಬೇಕು, ಇದು ಅವರು ಹಾಕಿದ ನಿಯಮ. ಸುತ್ತಿ, ಅಳತೆ ನೋಡಿ, ಹತ್ತಿ ಬಾಚಿ ಮುಗಿಸುವಷ್ಟರಲ್ಲಿ ಆ ಚಡಪಡಿಕೆ ಎಷ್ಟೋ ಸಲ ತಾನಾಗಿಯೇ ಇಳಿದಿರುತ್ತಿತ್ತು. ಜೊತೆಗೆ ದ್ರವದಲ್ಲಿನ ನಿಕೋಟಿನ್ ಪ್ರಮಾಣವನ್ನೂ ಅವರು ಇಳಿಸುತ್ತ ಬಂದರು. ನಾನು ಹಳೆಯದನ್ನೇ ಕೇಳಿದರೆ, ಇಲ್ಲ ಎನ್ನುವ ಅರಬ್ಬಿ ಮಾತಿನಲ್ಲಿ, "ಮಾಫಿ. ಅದು ಸ್ಟಾಕ್ ಇಲ್ಲ," ಎನ್ನುತ್ತಿದ್ದರು. ಅದು ಅವರ ಬೆನ್ನ ಹಿಂದಿನ ಶೆಲ್ಫಿನಲ್ಲೇ ಕಾಣುತ್ತಿತ್ತು.

ಇದನ್ನೆಲ್ಲ ಏಕೆ ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. "ಮೊದ್ಲು ನಂದು ಬಕಾಲ ಇತ್ತು, ದಿನಸಿ ಅಂಗಡಿ. ಅಲ್ಲಿ ತುಂಬಾ ಸಿಗ್ರೇಟ್ ಮಾರಿದ್ದೇನೆ. ಇದು ಸಹ ಒಳ್ಳೇ ವಸ್ತು ಅಂತ ನಾನು ಹೇಳುದಿಲ್ಲ. ಬಿಡ್ತೇನೆ ಅಂತ ಬಂದವನನ್ನು ಬಿಡಿಸದೆ ಕಳಿಸ್ಲಿಕ್ಕೆ ಮನಸ್ಸು ಬರುದಿಲ್ಲ," ಎಂದು ಹೇಳಿ, ಬಂದ ಗಿರಾಕಿಯ ಕಡೆ ತಿರುಗಿದರು.

ಮನೆಯವರು ಬರುವ ಹಿಂದಿನ ದಿನ ನಾನು ಸೋಲುವುದರಲ್ಲಿದ್ದೆ. ಅಂದು ಸರ್ವರ್ ಕೈಕೊಟ್ಟು ಆಫೀಸಿನಲ್ಲಿ ಎಲ್ಲರ ಬಾಯಿಗೂ ನಾನೇ ಸಿಕ್ಕಿದ್ದೆ. ಸಿಲಿಕಾನ್ ಓಯಸಿಸ್‌ನಲ್ಲಿ ಹಿಡಿದ ಹೊಸ ಫ್ಲ್ಯಾಟಿಗೆ ಗ್ಯಾಸ್ ಇನ್ನೂ ಬಂದಿರಲಿಲ್ಲ. ಅವಸರದಲ್ಲಿ ಸುತ್ತಿದ ಕಾಯಿಲ್ ಶಾರ್ಟ್ ಆಗಿ ವೇಪ್ ಪೂರಾ ಸತ್ತಿತ್ತು. ಬಸ್ ಇಳಿದವನೇ ಒಂದು ಬಕಾಲಕ್ಕೆ ನುಗ್ಗಿ ಸಿಗರೇಟಿನ ಪ್ಯಾಕು ಕೊಂಡೆ. ಮೇಲಿನ ಪ್ಲಾಸ್ಟಿಕ್ ಸುಲಿಯುತ್ತ ನಡೆದವನು ಎಲ್ಲಿಗೆ ಬಂದು ನಿಂತೆ ಎಂದು ನೋಡಿದರೆ, ಕಾಕನ ಅಂಗಡಿಯ ಮುಂದೆ.

ಅವರು ನನ್ನ ಮುಖ ನೋಡಿದರು, ಕೈ ನೋಡಿದರು. ಬೈಯಲಿಲ್ಲ. ಒಳಗಿದ್ದ ಗಿರಾಕಿಗೆ ನಾಳೆ ಬರಲು ಹೇಳಿ ಶಟರ್ ಎಳೆದರು.

"ಯಲ್ಲಾ, ಬನ್ನಿ."

"ಎಲ್ಲಿಗೆ ಕಾಕಾ?"

"ಅಬ್ರಾಕ್ಕೆ. ಅದ್ರಲ್ಲಿ ಸೇದ್ಲಿಕ್ಕೆ ಬಿಡುದಿಲ್ಲ."

ಕ್ರೀಕ್ ದಾಟಿಸುವ ಆ ಮರದ ದೋಣಿಯಲ್ಲಿ, ಕೆಲಸ ಮುಗಿಸಿ ಹೊರಟ ಜನರ ನಡುವೆ ನಾವಿಬ್ಬರೂ ಕೂತೆವು. ಆಚೆ ದಡದ ದೇರಾದಲ್ಲಿ ಎಲ್ಲರೂ ಇಳಿದರು. ಕಾಕ ಇಳಿದು ಮತ್ತೊಂದು ದೋಣಿ ಹತ್ತಿದರು, ನಾನೂ ಹತ್ತಿದೆ. ಈಚೆ ಬಂದೆವು, ಮತ್ತೆ ಆಚೆ ಹೋದೆವು. ನನ್ನ ಕೈ ಜೇಬಿನೊಳಗೆ ಪ್ಯಾಕನ್ನು ಹಿಸುಕುತ್ತಲೇ ಇತ್ತು. ಕಾಕ ಸಿಗರೇಟಿನ ಸುದ್ದಿಯನ್ನೇ ಎತ್ತಲಿಲ್ಲ. ಮಗಳು ಅನ್ನಕ್ಕೆ ಏನು ಕಲಸಿಕೊಳ್ಳುತ್ತಾಳೆ, ರಾತ್ರಿ ಯಾರ ಪಕ್ಕ ಮಲಗುತ್ತಾಳೆ, ಜಡೆ ಹಾಕಿಸಿಕೊಳ್ಳುವಾಗ ಅಳುತ್ತಾಳಾ ಎಂದೆಲ್ಲ ಕೇಳುತ್ತಿದ್ದರು. ಮೊದಮೊದಲು ಒಂದೊಂದೇ ಮಾತಿನಲ್ಲಿ ಉತ್ತರಿಸಿದೆ. ಆಮೇಲೆ, ಅವಳಿಗೆ ಉಸಿರು ಕಟ್ಟಿದ ಒಂದು ದಿನ ನಾನು ಊರಲ್ಲೇ ಇದ್ದೆ, ನನ್ನ ಅಂಗಿಯ ವಾಸನೆಗೆ ಅವಳು ನನ್ನ ತೋಳಿನಿಂದ ಬಿಡಿಸಿಕೊಂಡು ಅಮ್ಮನ ಕಡೆ ಕೈ ಚಾಚಿದಳು ಎಂಬುದನ್ನು ಹೇಳಿದೆ. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ದಡ ಹತ್ತಿದ ಮೇಲೆ ಕಾಕ ಹೇಳಿದರು: "ಇನ್ನು ಸೇದುದಾದ್ರೆ ಸೇದಿ. ನಾನು ಕಾವಲು ಕೂತದ್ದಲ್ಲ."

ಜೇಬಿನಿಂದ ಕೈ ತೆಗೆದಾಗ ಪ್ಯಾಕು ಚಪ್ಪಟೆಯಾಗಿತ್ತು. ಕಟ್ಟೆಯ ಪಕ್ಕದ ಕಸದ ಡಬ್ಬಿಗೆ ಹಾಕಿದೆ. ಅವರು ನಮಾಝಿಗೆ ಹೊತ್ತಾಯಿತೆಂದು ಮಸೀದಿಯ ಕಡೆ ಹೊರಟರು. ಅಂದು ಸಂಜೆಯ ಅವರ ವ್ಯಾಪಾರವೆಲ್ಲ ನನ್ನಿಂದಾಗಿ ಹಾಳಾಗಿತ್ತು.

ಮರುದಿನ ಏರ್‌ಪೋರ್ಟಿನಲ್ಲಿ ಮಗಳು ಟ್ರಾಲಿಯಿಂದ ಹಾರಿ ಬಂದು ಕುತ್ತಿಗೆಗೆ ಜೋತುಬಿದ್ದಳು. ಮೂಗನ್ನು ನನ್ನ ಭುಜಕ್ಕೆ ಒತ್ತಿ, "ಅಪ್ಪಾ, ಯು ಸ್ಮೆಲ್ ಲೈಕ್ ಸೋಪ್," ಎಂದಳು. ಹೆಂಡತಿ ಸೂಟ್‌ಕೇಸಿನ ಹಿಡಿಯನ್ನು ನನ್ನ ಕೈಗೆ ಕೊಟ್ಟಳು. ಟ್ಯಾಕ್ಸಿಯಲ್ಲಿ ನನ್ನ ಪಕ್ಕ ಕೂತಳು.

ಕಾಕ ಆಮೇಲೆ ನನಗೆ ಏನನ್ನೂ ಮಾರಲಿಲ್ಲ. ವೇಪ್ ರಿಪೇರಿಗೆ ಕೊಡೋಣವೆಂದು ಹೋದರೆ, "ಖಲಾಸ್. ನಿಮಗೆ ಇಲ್ಲಿ ಇನ್ನು ಕೆಲ್ಸ ಇಲ್ಲ," ಎಂದು ಅದನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದರು. ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಮಕ್ಕಳು ಈ ಅಂಗಡಿಯ ಒಳಗೆ ಕಾಲಿಡಬಾರದೆಂದು ತಾವೇ ಹೊರಗೆ ಬಂದು ಬಿಸಿಲಿನಲ್ಲಿ ನಿಂತು ಮಾತಾಡಿಸಿದರು. ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳುವ ಮೊದಲೇ ಅವರಿಗೆ ಎಲ್ಲ ಅರ್ಥವಾಗಿರುತ್ತಿತ್ತು.

ಹೋದ ವರ್ಷ ರಜೆಗೆಂದು ಊರಿಗೆ ಹೋದವರು ಅಲ್ಲಿಯೇ ತೀರಿಕೊಂಡರು. ಮಲಗಿದಲ್ಲೇ ಹೃದಯ ನಿಂತಿತಂತೆ. ಎದುರಿನ ಬಟ್ಟೆ ಅಂಗಡಿಯವರು ಫೋನ್ ಮಾಡಿ ತಿಳಿಸಿದರು. ದೇಹ ದೂರದ ಊರಲ್ಲಿದ್ದರೂ ಇಲ್ಲಿಂದಲೇ ತೀರಿಕೊಂಡವರಿಗಾಗಿ ಮಯ್ಯಿತ್ ನಮಾಝ್ ಮಾಡುವ ಪದ್ಧತಿ ಅವರಲ್ಲಿದೆ. ಸಂಜೆ ಗಲ್ಲಿಯ ಮಸೀದಿಯಲ್ಲಿ ಮಾಡುತ್ತಾರೆಂದು ಕೇಳಿ ಆಫೀಸಿನಿಂದ ಬೇಗ ಹೊರಟೆ.

ಒಳಗೆ ನಮಾಝ್ ನಡೆಯುವಾಗ ನಾನು ಹೊರಗೆ ಗೋಡೆಯ ನೆರಳಿನಲ್ಲಿ ನಿಂತಿದ್ದೆ. ನನ್ನ ಹಾಗೆಯೇ ಒಳಗೆ ಹೋಗದವರು ಇನ್ನೂ ಕೆಲವರಿದ್ದರು. ಒಬ್ಬ ಫಿಲಿಪಿನೋ ಸಲೂನಿನವನು, ಒಬ್ಬರು ವಯಸ್ಸಾದ ಮಲಯಾಳಿ, ಕೆಲಸದ ಸಮವಸ್ತ್ರದಲ್ಲೇ ಬಂದ ಒಬ್ಬ ನೇಪಾಳಿ ಸೆಕ್ಯೂರಿಟಿ. ಯಾರಿಗೂ ಯಾರ ಪರಿಚಯವೂ ಇರಲಿಲ್ಲ. ಬಹಳ ಹೊತ್ತು ನಿಂತಿದ್ದೆವು. ಕೊನೆಗೆ ಆ ಮಲಯಾಳಿ ಹಿಂದಿಯಲ್ಲಿ ನನ್ನನ್ನು ಕೇಳಿದರು: "ನಿಮ್ಮನ್ನೂ ಸ್ಟೂಲಿನ ಮೇಲೆ ಕೂರಿಸಿದ್ರಾ?"

ಹೌದು ಎಂದೆ. ನೇಪಾಳಿ ತನ್ನ ಬೆರಳಿನ ತುದಿಯ ಸುಟ್ಟ ಕಲೆಯನ್ನು ತೋರಿಸಿದ. ಎಲ್ಲರೂ ನಕ್ಕೆವು, ನಗುತ್ತಲೇ ನನಗೆ ಅಳು ಬಂತು. ದುಬೈಯಲ್ಲಿ ನಾಲ್ಕು ಗಂಡಸರು ಕೆಲಸವಿಲ್ಲದೆ ರಸ್ತೆ ಬದಿಯಲ್ಲಿ ಅಷ್ಟು ಹೊತ್ತು ನಿಂತರೆ ಯಾರಾದರೊಬ್ಬರು ಸಿಗರೇಟಿಗೆಂದು ಜೇಬಿಗೆ ಕೈ ಹಾಕಿಯೇ ಹಾಕುತ್ತಾರೆ. ಅಂದು ನಮ್ಮಲ್ಲಿ ಯಾರೂ ಹಾಕಲಿಲ್ಲ.