ಒಣಕೆರೆಯಲ್ಲಿ ಕೂಗಿದ ಕಪ್ಪೆ

ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮೂವತ್ತು ವರ್ಷ ಗೌರಿಬಿದನೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವನು ನಾನು. ದೆವ್ವ ಕಂಡೆವೆಂದು ಬಂದವರಿಗೆ ಜಂತುಹುಳುವಿನ ಮಾತ್ರೆ ನುಂಗಲು ಹೇಳಿ ಕಳಿಸುತ್ತಿದ್ದೆ. ಈಗ ನನ್ನ ಸರದಿ. ಓದುಗರು ನನಗೂ ಅದೇ ಮಾತ್ರೆ ಸೂಚಿಸಿದರೆ ಬೇಸರವಿಲ್ಲ.

ಕಾಲೇಜಿನಲ್ಲಿ ಕಪ್ಪೆ ಕೊಯ್ಯುವುದು ಇದ್ದ ಕಾಲದಲ್ಲಿ ನಮಗೆ ಕಪ್ಪೆ ತಂದುಕೊಡುತ್ತಿದ್ದವನು ಗಂಗಪ್ಪ. ಮಂಚೇನಹಳ್ಳಿಯಿಂದಾಚೆಗಿನ ತನ್ನೂರಿನ ಕೆರೆಯಲ್ಲಿ ಹಿಡಿದು, ಒದ್ದೆ ಗೋಣಿಚೀಲದಲ್ಲಿ ಹಾಕಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದ. ಅವನು ಹಿಡಿದ, ನಾನು ಕೊಯ್ದೆ. ಮುಂದೆ ಕೊಯ್ಯುವುದು ನಿಂತಿತು, ನಾನು ನಿವೃತ್ತನಾದೆ, ಆ ಕೆರೆಯಲ್ಲಿ ನೀರು ನಿಲ್ಲುವುದೂ ಅಪರೂಪವಾಯಿತು.

ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ಆ ಕೆರೆಯ ಹೂಳೆತ್ತಲು ಜೆಸಿಬಿ ಬಂತು. ಗೋಡುಮಣ್ಣು ಹೊಲಕ್ಕೆ ಒಳ್ಳೆಯದೆಂದು ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಯಂತ್ರ ತೂಬಿನ ಮಗ್ಗುಲ ಮೂಲೆಗೆ ತಿರುಗಿದಾಗ ಗಂಗಪ್ಪ ಅದರ ಮುಂದೆ ಟವೆಲ್ ಹಾಸಿ ಕೂತುಬಿಟ್ಟನಂತೆ. ಮಣ್ಣಿನೊಳಗೆ ಕಪ್ಪೆಗಳಿವೆ, ಈ ಕೆರೆಗೆ ಉಳಿದಿರುವುದು ಅವಷ್ಟೇ, ತಾನು ಹಿಡಿದು ಮಿಕ್ಕವು ಎಂದು ಅವನ ವಾದ. ಕೆರೆ ಸಮಿತಿಯ ಅಧ್ಯಕ್ಷ ಅಶ್ವತ್ಥಪ್ಪನವರು ತೀರ್ಪು ಕೊಡಲು ನನ್ನನ್ನು ಕರೆಸಿದರು.

ಮಧ್ಯಾಹ್ನದ ಬಿಸಿಲು, ಮಂಡಿನೋವು ಬೇರೆ. ಏರಿಯ ಮೇಲೆ ನಿಂತ ಕಾರಿನಿಂದ ಇಳಿಯದೆಯೇ ಬಿರುಕುಬಿಟ್ಟ ಕೆರೆಯಂಗಳದ ಮೇಲೊಮ್ಮೆ ಕಣ್ಣಾಡಿಸಿ, ‘ಪರಿಶೀಲಿಸಲಾಗಿ, ಕಪ್ಪೆಗಳು ಕಂಡುಬಂದಿರುವುದಿಲ್ಲ’ ಎಂದು ಬರೆದು ಸಹಿ ಮಾಡಿದೆ. ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಕಪ್ಪೆ ಬೇಸಿಗೆಯಲ್ಲಿ ಮಣ್ಣೊಳಗೆ ಹೂತುಕೊಂಡು, ಉಸಿರಾಟವನ್ನು ಚರ್ಮಕ್ಕೆ ಒಪ್ಪಿಸಿ, ಮಳೆಯವರೆಗೂ ಮಲಗಿರುತ್ತದೆಂದು ವರ್ಷವರ್ಷವೂ ನೋಟ್ಸ್ ಬರೆಸಿದವನು ನಾನೇ. ಗ್ರೀಷ್ಮನಿದ್ರೆ, ಐದು ಅಂಕದ ಪ್ರಶ್ನೆ.

ಗಂಗಪ್ಪ ಆ ಕಾಗದವನ್ನು ಯಾರಿಂದಲೋ ಓದಿಸಿ ಕೇಳಿ, ಟವೆಲ್ ಕೊಡವಿ ಎದ್ದ. “ನೀವೇ ಹಿಂಗಂದ್ಮೇಲೆ ಇನ್ನೇನೈತೆ ಸಾರ್” ಎಂದ. ಬೈದಿದ್ದರೆ ನನಗೆ ಊಟವಾದರೂ ಸೇರುತ್ತಿತ್ತು.

ಮೂಲೆಯನ್ನು ಮರುದಿನ ಬೆಳಿಗ್ಗೆ ಅಗೆಯುವುದೆಂದಾಯಿತು. ಹೊರಡುವಾಗ ಕಾರಿನ ಚಕ್ರ ಪಂಕ್ಚರ್ ಆಗಿತ್ತು; ಹಾಕಿಸಿಕೊಂಡು ಬರಲು ಹೋದ ಡ್ರೈವರ್ ಸಂಜೆಯಾದರೂ ಬರಲಿಲ್ಲ. ನಾನೂ ಗಂಗಪ್ಪನೂ ಏರಿಯ ಮೇಲೆ ಕೂತಿದ್ದೆವು. ದೀಪ ಹಚ್ಚುವ ಹೊತ್ತಿಗೆ ಕಪ್ಪೆ ಕೂಗಿತು.

ಅದು ದೊಡ್ಡ ಕೆರೆಕಪ್ಪೆಯ ಗುಟುರು. ಮೊದಲ ಮಳೆಗೆ ಗಂಡುಗಳು ಅರಿಶಿನ ಬಳಿದ ಮದುಮಗನಂತೆ ಹಳದಿಯಾಗಿ, ಗಂಟಲಿನ ನೀಲಿ ಚೀಲಗಳನ್ನು ಉಬ್ಬಿಸಿ ಹೆಣ್ಣನ್ನು ಕರೆಯುವ ಕೂಗು. ಅದಕ್ಕೆ ಮಳೆ ಬೇಕು, ನೀರು ಬೇಕು. ಅಲ್ಲಿದ್ದದ್ದು ಧೂಳು ಮತ್ತು ಒಂದು ಜೆಸಿಬಿ.

“ಕೇಳಿಸ್ತಾ ಗಂಗಪ್ಪ?”

“ಏನು ಸಾರ್?”

“ಕಪ್ಪೆ ಕಣಯ್ಯ.”

ಅವನು ತಲೆ ವಾಲಿಸಿ ಆಲಿಸಿದ. “ಲೇದು ಸಾರ್. ಏನೂ ಇಲ್ಲ.” ಆಮೇಲೆ ನನ್ನ ಮುಖ ನೋಡಿ, “ಬಿಸ್ಲು ಜಾಸ್ತಿ ಇತ್ತು ಇವತ್ತು. ನೀರು ತರ್ಲಾ?” ಎಂದ.

ಕಪ್ಪೆಯ ಕೂಗನ್ನು ಹಿಡಿದು ಹೋಗಿಯೇ ಆಯುಷ್ಯ ಕಳೆದವನಿಗೆ ಕೇಳದ್ದು ನನಗೆ ಕೇಳುತ್ತಿತ್ತು. ನಾಚಿಕೆ ಬಿಟ್ಟು ಏರಿಯಿಳಿದೆ. ಹೆಜ್ಜೆ ಹೆಜ್ಜೆಗೂ ಕೂಗು ಹತ್ತಿರವಾಗಿ, ಕೊನೆಗೆ ನನ್ನ ಚಪ್ಪಲಿಯ ಕೆಳಗಿಂದಲೇ ಬಂದಂತಾಗಿ, ಥಟ್ಟನೆ ನಿಂತಿತು. ಅಲ್ಲಿ ಕೊಡೆ ಊರಿ, “ಇಲ್ಲಿ ಅಗಿ” ಎಂದೆ.

ಗಂಗಪ್ಪ ಗುದ್ದಲಿ ತಂದು ಸಾವಕಾಶವಾಗಿ ಅಗೆದ. ಮೊಳದಾಳದಲ್ಲಿ, ಬಿಗಿದ ಮಣ್ಣಿನ ಗೂಡಿನಲ್ಲಿ, ಕೈಕಾಲು ಮಡಚಿಕೊಂಡು ಒಂದು ಕಪ್ಪೆ ಮಲಗಿತ್ತು. ಕಣ್ಣು ಮುಚ್ಚಿತ್ತು. ಬೆರಳಿಟ್ಟರೂ ಅಲುಗಲಿಲ್ಲ, ಜೀವ ಮಾತ್ರ ಇತ್ತು. ಆ ಸ್ಥಿತಿಯಲ್ಲಿ ಕಪ್ಪೆ ಕೂಗುವುದಿಲ್ಲ. ಕೂಗಿದರೂ ಮೊಳ ಮಣ್ಣು ದಾಟಿ ಏರಿಯವರೆಗೆ ಕೇಳುವುದಿಲ್ಲ.

“ನಿಮ್ಗೆ ಹೆಂಗೆ ಗೊತ್ತಾಯ್ತು ಸಾರ್?” ಎಂದು ಗಂಗಪ್ಪ ಮೆಲ್ಲಗೆ ಕೇಳಿದ. ನಾನು ಮಂಡಿ ನೀವಿಕೊಂಡೆ.

ಅಶ್ವತ್ಥಪ್ಪನವರು ಟಾರ್ಚ್ ಹಿಡಿದು ಬಂದರು. “ಮಧ್ಯಾಹ್ನ ಇಲ್ಲ ಅಂತ ಸೈನ್ ಹಾಕಿದ್ರಿ, ಸಾಯಂಕಾಲ ಐತೆ ಅಂತೀರ. ಮಧ್ಯೆ ಕಪ್ಪೆ ಬಂದು ನಿಮ್ಗೆ ಹೇಳ್ತಾ?” ಎಂದರು. ಅವರು ತಮಾಷೆಗೆ ಅಂದದ್ದು. ನನಗೆ ನಗು ಬರಲಿಲ್ಲ. ‘ಪುನರ್ ಪರಿಶೀಲಿಸಲಾಗಿ’ ಎಂದು ಇನ್ನೊಂದು ಕಾಗದ ಬರೆದುಕೊಟ್ಟೆ. ಹೇಗೆ ಪರಿಶೀಲಿಸಿದೆನೆಂದು ಬರೆಯಲಿಲ್ಲ. ಕಪ್ಪೆಯನ್ನು ಮೊದಲಿನಂತೆ ಮುಚ್ಚಿದೆವು, ಮೂಲೆ ಉಳಿಯಿತು.

ಆಮೇಲೆ ಕಿವಿಯ ಡಾಕ್ಟರಿಗೆ ತೋರಿಸಿದೆ. ವಯಸ್ಸಿಗೆ ತಕ್ಕಂತೆ ಮಂದವಾಗಿದೆ ಎಂದರು. ಮಂದವಾದ ಕಿವಿಗೆ ಕಡಿಮೆ ಕೇಳಬೇಕೇ ಹೊರತು ಇಲ್ಲದ್ದು, ಅದೂ ಸರಿಯಾದ ಜಾಗದಿಂದ, ಹೇಗೆ ಕೇಳಿತು? ಎಷ್ಟು ಯೋಚಿಸಿದರೂ ದಣಿವಷ್ಟೇ ಸಿಕ್ಕುತ್ತದೆ.

ಆ ವರ್ಷ ಮೊದಲ ಜೋರು ಮಳೆ ಬಿದ್ದ ಸಂಜೆ ಗಂಗಪ್ಪ ಫೋನ್ ಮಾಡಿದ. “ಸಾರ್, ಅದೇ ಮೂಲೇಲಿ ಎಷ್ಟೊಂದು ಎದ್ದವ್ವೆ ಅಂತೀರ. ತಡೀರಿ, ಕೇಳಿಸ್ತೀನಿ” ಎಂದು ಫೋನನ್ನು ಕೆರೆಯ ಕಡೆ ಹಿಡಿದ. ನಾನು ಉಸಿರು ಬಿಗಿಹಿಡಿದು ಆಲಿಸಿದೆ. ಕಿವಿ ಬದಲಿಸಿ ಆಲಿಸಿದೆ. ಮಳೆಯ ಸದ್ದಿತ್ತು. ಅದರಾಚೆ ಏನೂ ಇರಲಿಲ್ಲ.

“ಕೇಳಿಸ್ತಾ ಸಾರ್?”

“ಕೇಳಿಸ್ತು ಕಣಯ್ಯ” ಎಂದೆ. ಈ ಸಲ ವಾಕ್ಯ ಪೂರ್ತಿ ಸುಳ್ಳು.