ಶಿವಕಾಂತಾಳ ವ್ಯಾನಿಗೆ ಕಾಯ್ದೆಯ ಹೊಗೆ

ಶಿವಕಾಂತಾಳ ಡೀಸೆಲ್ ವ್ಯಾನು ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೊರಟಿತೆಂದರೆ ಪುಣೆಯ ಯೆರವಡಾದ ಅವಳ ಓಣಿಯ ಹೆಂಗಸರು ಹೊಗೆಗೆ ಹೆದರಿ ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡುತ್ತಿದ್ದರು. ಇಂಡಿ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು, ಗಂಡ ಸತ್ತ ಮೇಲೆ ಅವನ ಸ್ಟೀರಿಂಗ್ ಹಿಡಿದವಳು. ಓಣಿಯವರ ಬೈಗುಳಕ್ಕೆ ಬಡ್ಡಿ ಸೇರಿಸಿ ತಿರುಗಿ ಕೊಡಬಲ್ಲಳು. ಆದರೆ ಹಿಂದಿನ ಸೀಟಿನ ಕೂಸುಗಳು ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿಸಿಕೊಂಡು ಇಳಿಯುವುದನ್ನು ಕನ್ನಡಿಯಲ್ಲಿ ನೋಡಿ ಅವಳಿಗೆ ತುತ್ತು ಇಳಿಯದಾಯಿತು.

ಮೆಕ್ಯಾನಿಕ್ ಓಂಕಾರ್, ಅಪಘಾತದಲ್ಲಿ ನುಜ್ಜುಗುಜ್ಜಾದ ಹೊಸ ಮಾದರಿಯ ವ್ಯಾನಿನಿಂದ ಒಳ್ಳೆಯ ಎಂಜಿನ್ ಹುಡುಕಿಕೊಟ್ಟ. ಕದ್ದ ಮಾಲಲ್ಲ, ರಸೀದಿ ಇತ್ತು. ಕೂಡಿಸುವ ಮುಂಚೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕೆಂದೂ ಎಚ್ಚರಿಸಿದ. ಆದರೆ ಮರುದಿನವೇ ಖಂಡೇನವಮಿ. ಆಯುಧಪೂಜೆಯ ಹೊತ್ತಿಗೆ ಕೂಡಬೇಕಾದ ಎಂಜಿನ್ ಆಮೇಲೆ ಯಾವುದೋ ಹಾಳು ಗಳಿಗೆಯಲ್ಲಿ ಕೂಡುವುದು ಅವಳಿಗೆ ಸರಿಬರಲಿಲ್ಲ.

“ಕಚೇರಿ ಎಲ್ಲೂ ಓಡಿ ಹೋಗೂದಿಲ್ಲ, ನವಮಿ ಹೋಗ್ತದ” ಎಂದಳು.

ಹಳೆಯದು ಶನಿ, ಅಂಗಳದಲ್ಲಿ ಇರಬಾರದೆಂದು ಅಂದೇ ಗುಜರಿಗೆ ಸಾಗಹಾಕಿದಳು. ಹೊಸದಕ್ಕೆ ಕುಂಬಳಕಾಯಿ ಒಡೆದು ಕೀಲಿ ತಿರುಗಿಸಿದರೆ ಹೊಗೆ ಹುಡುಕಿದರೂ ಕಾಣದು. ಓಂಕಾರ್ ಸೈಲೆನ್ಸರಿಗೆ ಬಿಳಿ ಕರವಸ್ತ್ರ ಹಿಡಿದು, ಮಸಿ ಹತ್ತದ್ದನ್ನು ತೋರಿಸಿದ.

ಹಬ್ಬ ಮುಗಿಸಿ ಕಚೇರಿಗೆ ಹೋದಳು. ಇನ್‌ಸ್ಪೆಕ್ಟರ್ ಕೆಟ್ಟವನಲ್ಲ, ಕುರ್ಚಿ ಕೊಟ್ಟೇ ಹೇಳಿದ: ಇದು ಬೇರೆ ಮಾದರಿಯ ಎಂಜಿನ್, ಈ ಗಾಡಿಗೆ ಕೂಡಿಸಿ ಪರೀಕ್ಷೆಯಾಗಿ ಪಾಸಾದ ದಾಖಲೆ ಇಲ್ಲ. ಆ ಪರೀಕ್ಷೆ ಮಾಡಿಸುವವು ದೊಡ್ಡ ಕಂಪನಿಗಳು. ಒಂದು ವ್ಯಾನಿಗಾಗಿ ಮಾಡಿಸಿದರೆ ಖರ್ಚಿಗೆ ವ್ಯಾನನ್ನೇ ಮಾರಿದರೂ ಸಾಲದು. ಹಳೆಯ ಮಾದರಿಯದನ್ನೇ ಹಾಕಿ ಬನ್ನಿ, ಅಲ್ಲಿಯತನಕ ಮಕ್ಕಳನ್ನು ಕೂಡಿಸುವಂತಿಲ್ಲ. ಹೊಗೆ ಕಡಿಮೆಯಾಗಿದೆಯಲ್ಲ ಎಂದು ಅವಳು ಮರಾಠಿಯಲ್ಲಿ ಅಂಗಲಾಚಿದಳು. ಕಾಯ್ದೆಗೆ ಎಂಜಿನ್ ನಂಬರು ಓದುವ ಕಣ್ಣಿದೆ, ಮೂಗಿಲ್ಲ. ದೀಪಾವಳಿ ರಜೆ ಮುಗಿಯುವುದರೊಳಗೆ ಗಾಡಿ ಸರಿಯಾಗದಿದ್ದರೆ ಬೇರೆ ವ್ಯಾನ್ ನೋಡಿಕೊಳ್ಳುವುದಾಗಿ ಪಾಲಕರು ಹೇಳಿಬಿಟ್ಟರು.

ಗೇಟಿನಾಚೆ ಏಜೆಂಟ್ ಸುಖೇಶ್ ಕಾದಿದ್ದ. ಎಂಜಿನ್ನಿನ ಮೈಮೇಲಿನ ನಂಬರು ಉಜ್ಜಿ ಹಳೆಯ ಎಂಜಿನ್ನಿನದನ್ನು ಹೊಡೆಸಿಬಿಟ್ಟರೆ ಒಂದು ಮಧ್ಯಾಹ್ನದ ಕೆಲಸವೆಂದ. ಅವಳ ಮನಸ್ಸು ಹೊಯ್ದಾಡಲಿಲ್ಲವೆಂದರೆ ಸುಳ್ಳಾದೀತು. ಆದರೆ ನಾಳೆ ಗಾಡಿ ಎಲ್ಲಾದರೂ ಗುದ್ದಿ ಮಕ್ಕಳಿಗೆ ಪೆಟ್ಟಾದರೆ, ವಿಮೆಯವರು ಮೊದಲು ಬೆರಳಾಡಿಸಿ ನೋಡುವುದು ಆ ನಂಬರಿನ ಮೇಲೆಯೇ.

“ಕದ್ದ ಗಾಡಿಗೆ ಮಾಡೂ ಕೆಲಸ ಅದು. ನಾ ಏನ್ ಕದ್ದೀನಿ?”

“ಕದ್ದವ್ರ ಗಾಡಿ ಓಡ್ಲಿಕ್ಕತ್ತಾವ ವೈನೀ, ನಿಮ್ದು ನಿಂತದ” ಎಂದು ಅವನು ನಕ್ಕ.

ಹಳೆಯದನ್ನೇ ವಾಪಸ್ ತರಲೆಂದು ಗುಜರಿಗೆ ಹೋದರೆ ಅವಳ ಎಂಜಿನ್ ಆಗಲೇ ಕುಲುಮೆ ಸೇರಿತ್ತು. ಅದಿದ್ದಿದ್ದರೆ ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ ಹೊಗೆ ಅರ್ಧಕ್ಕಿಳಿಸಬಹುದಿತ್ತೆಂದು ಓಂಕಾರ್ ತಲೆ ಕೆರೆದುಕೊಂಡ. ಕಡೆಗೆ ಸಿಕ್ಕಿದ್ದು ಅದೇ ಮಾದರಿಯ, ಅದಕ್ಕಿಂತ ಸವೆದು ಬೋರಿಗೂ ಬಾರದ ಇನ್ನೊಂದು. ಈ ಸಲ ಪಂಚಾಂಗ ನೋಡಲಿಲ್ಲ. ಅರ್ಜಿ, ಒಪ್ಪಿಗೆ, ಜೋಡಣೆ ಎಲ್ಲ ಸಾಲಾಗಿ ನಡೆಯಿತು. ಹಳೆಯ ಗಾಡಿಗೆ ಹೊಗೆಯ ಮಿತಿಯೂ ಸಡಿಲ. ಏದುಸಿರು ಬಿಡುತ್ತಲೇ ಅದು ಪಾಸಾಯಿತು. ಇನ್‌ಸ್ಪೆಕ್ಟರ್ ಸಾಹೇಬರು ಸಹಿ ಹಾಕಿ ಅಭಿನಂದಿಸಿದರು, ಮೂಗಿಗೆ ಕರವಸ್ತ್ರ ಹಿಡಿದೇ.

ಶಾಲೆ ತೆರೆದ ದಿನ ಇಂಪನಾ ಎಂಬ ತಾಯಿ ಮಗಳನ್ನು ಹತ್ತಿಸುತ್ತ ಕೇಳಿದಳು: “ಪೇಪರ್ಸ್ ಎಲ್ಲಾ ಕ್ಲಿಯರ್ ಆಯ್ತಾ ಆಂಟಿ?”

“ಆತ್ರಿ. ಎಲ್ಲಾ ಕಾಯ್ದೆ ಪ್ರಕಾರ ಅದ.”

ಮುಖ ತಿರುಗಿಸಿ, ಹಿಂದಿನ ಸೀಟಿನ ಮಕ್ಕಳಿಗೆ ಕಿಟಕಿ ಮುಚ್ಚಿಕೊಳ್ಳಲು ಹೇಳಿ, ಶಿವಕಾಂತಾ ಗಾಡಿ ಚಾಲೂ ಮಾಡಿದಳು.