ಸತ್ತಿ ಮಡುವಿನ ಎಣಿಕೆ

ಮೇಡಂ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸದಾ ಕೆಂಪಾಗಿರುತ್ತಿತ್ತು. ಉಗುರಲ್ಲ, ಅದರ ಹಿಂದಿನ ಮೆತ್ತನೆಯ ಚರ್ಮ. ಉಗುರಿಗೆ ಅವರು ಎಂದೂ ಬಣ್ಣ ಹಚ್ಚಿಕೊಂಡವರಲ್ಲ. ನಿಪ್ಪಾಣಿ ಪೇಟೆಯ ಬಳೆ ಅಂಗಡಿಯಿಂದ ಉಗುರುಬಣ್ಣದ ಶೀಶೆಗಳನ್ನು ತಂದು, ಹೊಳೆದಂಡೆಯ ಬಸವನಹುಳುಗಳ ಚಿಪ್ಪಿಗೆ ಒಂದೊಂದೇ ಚುಕ್ಕೆ ಇಡುತ್ತಿದ್ದರು. ಆ ಬಣ್ಣ ಅವರ ಬೆರಳಿಗೆ ಮೆತ್ತಿಕೊಂಡು, ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗದೆ, ವರ್ಷವಿಡೀ ಉಳಿದಂತೆ ಕಾಣುತ್ತಿತ್ತು.

"ಏನ್ರೀ ಮೇಡಂ, ಹುಳದ ಲಗ್ನ ಎಂದೈತ್ರಿ?" ಎಂದು ರಸಾಯನಶಾಸ್ತ್ರದ ಸರ್ ಸ್ಟಾಫ್‌ರೂಮಿನಲ್ಲಿ ಕೆಣಕುತ್ತಿದ್ದರು.

"ಅಕ್ಷತಾ ತಗೊಂಡ ಬರ್ರಿ ಸರ್. ಆದ್ರ ಕಾಳು ಎಣಿಸಿ ತರಬೇಕ ನೋಡ್ರಿ" ಎಂದು ಇವರು ತಲೆ ಎತ್ತದೆ ಹೇಳುತ್ತಿದ್ದರು.

ಅವರು ಅಥಣಿಯ ನಮ್ಮ ಕಾಲೇಜಿನ ಗಣಿತದ ಮೇಡಂ. ನಾನು ಅಲ್ಲಿ ಜೀವಶಾಸ್ತ್ರದ ಪ್ರಯೋಗಾಲಯದ ಸಿಪಾಯಿ, ಅಂದರೆ ಜವಾನ. ಮ್ಯಾಟ್ರಿಕ್ ಪಾಸಾದವನು, ಅದರಾಚೆ ಓದಿಲ್ಲ. ಅವರು ನನ್ನನ್ನು 'ಮಾಮಾ' ಎಂದು ಕರೆಯುತ್ತಿದ್ದರು. ಅವರ ಊರು ನಿಪ್ಪಾಣಿ, ಆ ಕಡೆಯ ಶಾಲೆಗಳಲ್ಲಿ ಸಿಪಾಯಿಯನ್ನು ಹಾಗೆ ಕರೆಯುವುದು ರೂಢಿ. ಅವರಿಂದ ಕಲಿತು ಇಡೀ ಕಾಲೇಜು ಹಾಗೆಯೇ ಕರೆಯಿತು. ಈಗಲೂ ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಿಂದಿನಿಂದ 'ಮಾಮಾ' ಎಂದರೆ ನಾನು ಥಟ್ಟನೆ ತಿರುಗುತ್ತೇನೆ. ಅವರೇ ಬಂದು ಕೇಳುತ್ತಿದ್ದಾರೆ ಅನ್ನಿಸುತ್ತದೆ.

ಗಣಿತದವರಿಗೆ ಹುಳುವಿನ ಉಸಾಬರಿ ಯಾಕೆ ಬಂತು ಎಂದು ಹೇಳಬೇಕು. ನಮ್ಮ ಬಿ.ಎಸ್ಸಿ. ಹುಡುಗರಲ್ಲಿ ಎರಡು ಪಂಗಡ. ಜೀವಶಾಸ್ತ್ರ ತೆಗೆದುಕೊಂಡವರು ಲೆಕ್ಕಕ್ಕೆ ಹೆದರಿ ಆ ಕಡೆ ಹೋದವರು. ಗಣಿತದವರು ಕಪ್ಪೆ, ಜಿರಳೆ ಮುಟ್ಟಲು ಅಸಹ್ಯಪಟ್ಟು ಈ ಕಡೆ ಬಂದವರು. "ಇಬ್ರೂ ಅರ್ಧಂಬರ್ಧ ಕಲತ ಮನಿಗಿ ಹೊಂಟಾರ ಮಾಮಾ" ಎನ್ನುತ್ತಿದ್ದರು ಮೇಡಂ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂಡಿಸಿ ಪಾಠ ಮಾಡಲು ಅವರಿಗೆ ಆಸೆ. ಅಂಥ ಪುಸ್ತಕ ಕನ್ನಡದಲ್ಲಿ ಇರಲಿಲ್ಲ. ತಾವೇ ಬರೆದರು. ಕಾಗವಾಡದ ದ್ರಾಕ್ಷಿ ಎಲೆಯ ಮೇಲೆ ಬೂದಿರೋಗ ಹರಡುವ ವೇಗ ಒಂದು ಪಾಠ. ರಾಯಬಾಗದ ಕಬ್ಬು ಯಾವ ತಿಂಗಳು ಎಷ್ಟು ಎತ್ತರ ಏಳುತ್ತದೆ ಎಂಬುದು ಇನ್ನೊಂದು. ಕಂಪ್ಯೂಟರಿನಲ್ಲಿ ತಾವೇ ಟೈಪು ಮಾಡಿ, ಚಿಕ್ಕೋಡಿ, ಹಾರೂಗೇರಿ, ಎಲ್ಲಿಂದ ಯಾವ ಮಾಸ್ತರರು ಕೇಳಿದರೂ ಕಳಿಸಿಬಿಡುತ್ತಿದ್ದರು.

ಎಲ್ಲಕ್ಕಿಂತ ಹೆಸರಾದದ್ದು ಸತ್ತಿಯ ಮಡುವಿನ ಪಾಠ. ಮಳೆಗಾಲ ಮುಗಿದು ಕೃಷ್ಣೆ ಇಳಿದ ಮೇಲೆ ಸತ್ತಿ ಊರಿನ ದಂಡೆಯಲ್ಲಿ ಒಂದು ಮಡು ಉಳಿಯುತ್ತಿತ್ತು. ಅದರ ತುಂಬ ಬಸವನಹುಳು. ಎಷ್ಟು ಇವೆ? ನೀರು ಬಸಿದು ಎಣಿಸುವ ಹಾಗಿಲ್ಲ. ಮೇಡಂ ಮೊದಲು ಕ್ಲಾಸಿನಲ್ಲಿ ಒಂದು ಗಡಿಗೆ ತುಂಬ ಅಲಸಂದಿ ಕಾಳು ತಂದು ತೋರಿಸುತ್ತಿದ್ದರು. ಐವತ್ತು ಕಾಳು ತೆಗೆದು ಬಣ್ಣ ಹಚ್ಚಿ ತಿರುಗಿ ಗಡಿಗೆಗೆ ಹಾಕಿ ಕಲಸು. ಮತ್ತೆ ಐವತ್ತು ತೆಗೆ. ಅದರಲ್ಲಿ ಐದಕ್ಕೆ ಬಣ್ಣ ಇದ್ದರೆ, ಹತ್ತರಲ್ಲಿ ಒಂದು ಬಣ್ಣದ್ದು ಅಂತಾಯಿತು. ಬಣ್ಣ ಹಚ್ಚಿದ್ದು ಐವತ್ತು, ಹಾಗಾದರೆ ಗಡಿಗೆಯಲ್ಲಿ ಇರುವುದು ಐದುನೂರು. ಆಮೇಲೆ ಹುಡುಗರನ್ನು ಬಸ್ಸಿನಲ್ಲಿ ಸತ್ತಿಗೆ ಕರೆದೊಯ್ದು, ಕಾಳಿನ ಬದಲು ಹುಳು, ಗಡಿಗೆಯ ಬದಲು ಮಡು. ಒಂದು ದಿನ ಹಿಡಿದು ಬಣ್ಣ ಹಚ್ಚಿ ಬಿಡುವುದು, ವಾರದ ಮೇಲೆ ಹೋಗಿ ಮತ್ತೆ ಹಿಡಿಯುವುದು. ಪ್ರತಿ ಚಳಿಗಾಲ ಇದು ನಡೆಯುತ್ತಿತ್ತು. ಆ ಅಂಕಿಗಳನ್ನು ಇಟ್ಟುಕೊಂಡೇ ಅವರು ತಮ್ಮ ಸಂಶೋಧನೆಯನ್ನೂ ಶುರು ಮಾಡಿದರು: ದ್ರಾಕ್ಷಿ ತೋಟದ ಔಷಧಿ ಹರಿದು ಬಂದು ಮಡುವಿನ ಹುಳು ಸಾಯುತ್ತಿವೆಯೋ ಇಲ್ಲವೋ ಎಂದು ತಿಳಿಯುವುದು.

ಬಣ್ಣ ಒಣಗಿದ ಹುಳುಗಳನ್ನು ಬುಟ್ಟಿಯಲ್ಲಿ ಹೊತ್ತು, ಮಡುವಿನ ಸುತ್ತ ಎಲ್ಲ ಕಡೆ ಬಿಟ್ಟು ಬರುವ ಕೆಲಸ ನನ್ನದು.

ಮೊದಲನೆಯ ವರ್ಷ ಎರಡನೆಯ ಸಲ ಹಿಡಿದಾಗ ಬಣ್ಣದ ಹುಳು ಒಂದೂ ಸಿಗಲಿಲ್ಲ. ಹುಡುಗರ ಲೆಕ್ಕ ನಿಂತುಹೋಯಿತು. ಕೆಳಗೆ ಶೂನ್ಯ ಬಂದರೆ ಭಾಗಿಸುವುದು ಹೇಗೆ? ಒಬ್ಬ ಹುಡುಗಿ ಪ್ರಾಕ್ಟಿಕಲ್ ಅಂಕ ಹೋಯಿತೆಂದು ಕಣ್ಣೀರು ತೆಗೆದಳು. ಮೇಡಂ ಮಾತ್ರ ಮಡುವಿನ ಕೆಸರಿನಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ನಿಂತು ನಗುತ್ತಿದ್ದರು. "ಅಳತಿ ಯಾಕ ಹುಚ್ಚಿ? ಶೂನ್ಯಾನೂ ಒಂದು ಉತ್ತರಾನ. ಮಡು ನಮಗ ಹೇಳಾಕತ್ತೈತಿ, ಇನ್ನಷ್ಟು ಬಣ್ಣಾ ಹಚ್ಚಿ ಬರ್ರಿ ಅಂತ."

ನನಗೆ ಆ ನಗು ಅರ್ಥವಾಗಲಿಲ್ಲ. ಅರ್ಥವಾಗುವ ಹಾಗೆ ನಾನು ಬೆಳೆದಿರಲಿಲ್ಲ. ಪ್ರಯೋಗಾಲಯದ ಸಿಪಾಯಿಗಳಿಗೆ ಒಂದು ಅಭ್ಯಾಸ ಇರುತ್ತದೆ. ಓದಿದವರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಚಹಾ ಕುಡಿಯುವಾಗ, ಹುಡುಗರ ಪಕ್ಕ ಹಾದುಹೋಗುತ್ತ ಜಾಡಿಯಲ್ಲಿರುವ ಪ್ರಾಣಿಯ ಹೆಸರು ಉಸುರುವುದು, ಸೂಕ್ಷ್ಮದರ್ಶಕದ ಗಾಜು ಸರಿಮಾಡಿ ಕೊಡುವುದು. ಬಡವರ ಮಕ್ಕಳು, ಪಾಸಾಗಲಿ ಎಂದು ಮಾಡುತ್ತಿದ್ದೆ. ಅದರಲ್ಲಿ ಹೆಮ್ಮೆಯೂ ಇತ್ತು. "ಉತ್ತರ ಬಂತಿಲ್ಲೋ? ಸಾಕ ನಡಿ" ಎಂಬುದು ನನ್ನ ಮಾತಾಗಿತ್ತು.

ಮರುವರ್ಷ ಬಣ್ಣದ ಹುಳುಗಳನ್ನೆಲ್ಲ ನಾನು ಬಿಡಲಿಲ್ಲ. ಒಂದು ಹಿಡಿಯಷ್ಟನ್ನು ಹಸಿ ಗೋಣಿಯಲ್ಲಿ ಸುತ್ತಿ ಪ್ರಯೋಗಾಲಯಕ್ಕೆ ತಂದು ಬಕೆಟ್ಟಿನಲ್ಲಿ ಇಟ್ಟುಕೊಂಡೆ. ವಾರದ ಮೇಲೆ ಹುಡುಗರು ಜಾಲರಿಯಿಂದ ಬುಟ್ಟಿಗೆ ಸುರಿಯುವಾಗ ನಾನೂ ಕೈ ಹಾಕಿ ಅವನ್ನು ಸೇರಿಸಿದೆ. "ಸಿಕ್ತು ಸಿಕ್ತು!" ಎಂದು ಹುಡುಗರು ಕುಣಿದರು. ಮೇಡಂ ಕೂಡ ಖುಷಿಪಟ್ಟರು. ಅದರ ಮುಂದಿನ ವರ್ಷ ಇನ್ನಷ್ಟು ಇಟ್ಟುಕೊಂಡೆ. ಬಣ್ಣದ ಹುಳು ಹೆಚ್ಚು ಸಿಕ್ಕಷ್ಟೂ ಪಾಠ ಚೆನ್ನಾಗಿ ಆಯಿತೆಂದು ನನ್ನ ತಿಳಿವಳಿಕೆ. ಹೆಚ್ಚು ಸಿಕ್ಕಷ್ಟೂ ಮಡುವಿನಲ್ಲಿ ಒಟ್ಟು ಹುಳು ಕಡಿಮೆ ಎಂದು ಲೆಕ್ಕ ಹೇಳುತ್ತದೆ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಕ್ಲಾಸಿನ ಬಾಗಿಲಲ್ಲಿ ನಿಂತು ಆ ಅಲಸಂದಿ ಪಾಠವನ್ನು ಎಷ್ಟೋ ಸಲ ಕೇಳಿದ್ದೆ. ಕೇಳಿದ್ದೆ ಅಷ್ಟೇ.

ಹೀಗೆ ವರ್ಷದಿಂದ ವರ್ಷಕ್ಕೆ ಮೇಡಂ ಅವರ ಕಾಗದದಲ್ಲಿ ಹುಳು ಕಡಿಮೆಯಾಗುತ್ತ ಹೋದವು. ಮಡುವಿನಲ್ಲಿ ಅಲ್ಲ, ಕಾಗದದಲ್ಲಿ. ಅವರ ಮುಖ ಬಾಡುತ್ತ ಬಂತು. "ಸಾಯಾಕತ್ತಾವ ಮಾಮಾ. ನಮ್ಮ ಕಣ್ಮುಂದನ ಸಾಯಾಕತ್ತಾವ" ಎಂದು ದಂಡೆಯ ಮೇಲೆ ಕೂತು ಹೇಳಿದ್ದು ನೆನಪಿದೆ. ಐವತ್ತು ದಾಟಿದ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಅದನ್ನೇ ಬರೆದರು. ಪಾಠದಲ್ಲೂ ಆ ಅಂಕಿಗಳ ಕೋಷ್ಟಕ ಸೇರಿಸಿದರು.

ಪಾಠ ಓದಿ ಮೆಚ್ಚಿಕೊಂಡ ಒಬ್ಬ ತರುಣ ಸಂಶೋಧಕ ದೂರದ ಊರಿನಿಂದ ಮಡು ನೋಡಲು ಬಂದ. ದಂಡೆಯುದ್ದಕ್ಕೂ ಹಗ್ಗದಿಂದ ಚೌಕ ಕಟ್ಟಿ, ಚೌಕದೊಳಗಿನ ಹುಳುಗಳನ್ನು ಕೈಯಿಂದ ಎಣಿಸಿ, ಇಡೀ ಮಡುವಿಗೆ ಲೆಕ್ಕ ಹಾಕಿದ. ಮೇಡಂ ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇದ್ದವು. ಒಳ್ಳೆಯ ಹುಡುಗ. ಮೆಲ್ಲಗೆ, ಅವರೊಬ್ಬರಿಗೇ ಹೇಳಿದ. ಆದರೆ ಮಾತು ಗೋಡೆ ದಾಟಿತು. "ಮನ್ಯಾಗ ಕುಂತು ಅಂಕಿ ಹೆಣದಾಳ ನೋಡ್ರಿ" ಎಂದು ಸ್ಟಾಫ್‌ರೂಮಿನಲ್ಲಿ ನಕ್ಕರು. ಲಗ್ನದ ಜೋಕು ಹೇಳುತ್ತಿದ್ದ ಸರ್ ಕೂಡ ನಕ್ಕರು. ಅವರಿಗೆಲ್ಲ ಚಹಾ ಕೊಡುತ್ತಿದ್ದವನು ನಾನು. ಖಾಲಿ ಕಪ್ಪು-ಬಸಿ ಎತ್ತಿಕೊಂಡು ಹೊರಗೆ ಬಂದೆ.

ಆ ಮಧ್ಯಾಹ್ನ ಮೇಡಂ ಪ್ರಯೋಗಾಲಯಕ್ಕೆ ಬಂದು ನನ್ನ ಸ್ಟೂಲಿನ ಮೇಲೆ ಕೂತರು.

"ಮಾಮಾ, ಬಣ್ಣಾ ಹಚ್ಚಿದ ಹುಳಾ ನೀವು ಎಲ್ಲಾ ಬಿಡತಿದ್ರೆಲ್ಲಾ?"

"ಹೌದ್ರಿ ಮೇಡಂ."

"ಎಲ್ಲಾ?"

"ಎಲ್ಲಾನೂ ಬಿಟ್ಟೀನ್ರಿ. ಒಂದೂ ಇಟಗೊಂಡಿಲ್ರಿ."

ಇಟ್ಟುಕೊಂಡ ಮಾತನ್ನು ಅವರು ಎತ್ತಿರಲಿಲ್ಲ, ನಾನೇ ಎತ್ತಿದೆ. ಬಕೆಟ್ಟು ನನ್ನ ಹಿಂದೆಯೇ ಇತ್ತು. ಅವರು ಗಮನಿಸಲಿಲ್ಲ, ಅಥವಾ ನನ್ನ ಮೇಲೆ ಅನುಮಾನ ಪಡುವುದು ಅವರಿಗೆ ಬರಲಿಲ್ಲ.

"ಹಂಗಾರ ತಪ್ಪು ನಂದ" ಎಂದು ಎದ್ದು ಹೋದರು. ಪಿಎಚ್.ಡಿ. ಬರಹವನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು.

ನೌಕರಿ ಹೋದೀತೆಂಬ ಹೆದರಿಕೆ ನನಗಿತ್ತು ಎಂದು ಬರೆದರೆ ಅರ್ಧ ಸತ್ಯ. ನಿವೃತ್ತಿಯಾದ ಮೇಲೂ ನಾನು ಬಾಯಿ ಬಿಡಲಿಲ್ಲವಲ್ಲ. ಅವರು ನನ್ನನ್ನು ನೋಡುವ ರೀತಿ ಬದಲಾಗುತ್ತದೆ ಎಂಬ ಹೆದರಿಕೆ ಅದು. ನನ್ನನ್ನು ಹಾಗೆ ನಂಬಿದವರು ಬೇರೆ ಯಾರೂ ಇರಲಿಲ್ಲ.

ಅವರೂ ನಿವೃತ್ತರಾದರು. ಚಳಿಗಾಲ ಬಂದರೆ ನಿಪ್ಪಾಣಿಯಿಂದ ಬಸ್ಸು ಬದಲಿಸುತ್ತ ಸತ್ತಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ನಾನೂ ಹೋಗಿ ಬುಟ್ಟಿ ಹೊರುತ್ತಿದ್ದೆ. ಈಗ ಎಲ್ಲ ಹುಳುಗಳನ್ನೂ ಬಿಡುತ್ತಿದ್ದೆ, ದೇವರ ಪ್ರಸಾದ ಹಂಚಿದ ಹಾಗೆ. ಲೆಕ್ಕ ಸರಿಬಂತು, ಹುಳು ಬೇಕಾದಷ್ಟು ಇದ್ದವು. ಅದರಿಂದ ಅವರ ಸಂಕಟ ಹೆಚ್ಚಿತು. ಹಾಗಾದರೆ ಆ ವರ್ಷಗಳಲ್ಲಿ ಏನಾಗಿತ್ತು? ನೀರಿನ ಬಿಸಿ ಅಳೆದರು. ತೋಟದವರನ್ನು ಹಿಡಿದು ಯಾವಾಗ ಯಾವ ಔಷಧಿ ಹೊಡೆದಿರಿ ಎಂದು ವಿಚಾರಿಸಿದರು. ಹಳೆಯ ಲೆಕ್ಕಗಳನ್ನು ಕಣ್ಣು ನೀರಾಡುವ ತನಕ ತಿರುಗಿ ಮಾಡಿದರು. ಅವರು ಹುಡುಕುತ್ತಿದ್ದ ಆ ಕಾರಣವೇ ಅವರ ಚಪ್ಪಲಿ ಕಾಯುತ್ತ ದಂಡೆಯ ಮೇಲೆ ನಿಂತಿತ್ತು. ತಣ್ಣೀರಿನಲ್ಲಿ ನಿಂತು ನಿಂತು ಅವರಿಗೆ ದಮ್ಮು ಹತ್ತಿಕೊಂಡಿತು. "ಸಾಕ್ರಿ ಮೇಡಂ, ಮ್ಯಾಲೆ ಬರ್ರಿ" ಎಂದರೆ, "ತಪ್ಪು ಸಿಗಲಾರದ ಹ್ಯಾಂಗ ಮ್ಯಾಲೆ ಬರಲಿ ಮಾಮಾ?" ಎನ್ನುತ್ತಿದ್ದರು.

ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದಾಗ, ಹೇಳಿಯೇ ಬಿಡಬೇಕೆಂದು ನಿಪ್ಪಾಣಿಗೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಅವರ ತಂಗಿ ಬಾಗಿಲು ತೆಗೆದರು. ನನ್ನನ್ನು ಕಂಡದ್ದೇ ಮೇಡಂ ಮುಖ ಅರಳಿತು.

"ಬರ್ರಿ ಮಾಮಾ, ಬರ್ರಿ ಬರ್ರಿ. ಸಿಕ್ತು! ತಪ್ಪು ಸಿಕ್ತು!"

ಹೊಸ್ತಿಲಲ್ಲೇ ನಿಂತೆ. ತಿಳಿದುಬಿಟ್ಟಿದೆ ಎಂದುಕೊಂಡೆ. ಎಂಥ ಹಗುರಾಯಿತು ಆ ಒಂದು ಕ್ಷಣ!

"ಬಣ್ಣಾ ಹಚ್ಚಿದ ಹುಳಾ ದಂಡಿ ಬಿಟ್ಟು ಒಳಗ ಹೋಗಂಗಿಲ್ಲ ಮಾಮಾ. ಬಣ್ಣದ ವಾಸನಿಗಿ ಇರಬೇಕು. ಹುಡುಗ್ರು ದಂಡ್ಯಾಗ ಜಾಲರಿ ಹಾಕತಿದ್ರು, ಅವೇ ಸಿಗತಿದ್ದುವು. ಆಮ್ಯಾಲೆ ನಾ ಬಣ್ಣದ ಕಂಪನಿ ಬದಲಿ ಮಾಡೀನಿ, ಲೆಕ್ಕ ಸರಿ ಆತು. ನೋಡ್ರಿ ಎಷ್ಟ ಚೆಂದ ಕೂಡತೈತಿ!"

ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತ, ಹುಡುಗಿಯ ಹಾಗೆ ಹೊಳೆಯುವ ಕಣ್ಣಿನಿಂದ ಹೇಳಿದರು. ಪಾಠದ ಕೊನೆಗೆ ಅದನ್ನೂ ಸೇರಿಸಿ ಎಲ್ಲ ಕಾಲೇಜುಗಳಿಗೆ ಕಳಿಸಿ ಆಗಿದೆ ಎಂದರು. ನಾನು ಬಾಯಿ ತೆರೆದೆ.

"ಚೆಂದ ಕೂಡತೈತ್ರಿ ಮೇಡಂ" ಎಂದೆ.

ಅವರು ತೀರಿಕೊಂಡ ಸುದ್ದಿ ಬಂದು ನಾನು ಮುಟ್ಟುವಷ್ಟರಲ್ಲಿ ಮುಖ ಬಿಟ್ಟು ಮೈಗೆಲ್ಲ ಬಿಳಿ ಬಟ್ಟೆ ಹೊದಿಸಿದ್ದರು. ಬಲಗೈ ಮಾತ್ರ ಸ್ವಲ್ಪ ಹೊರಗೆ ಉಳಿದಿತ್ತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದ ಕೈ, ಬೆರಳ ತುದಿ ಸ್ವಚ್ಛವಾಗಿತ್ತು. ಕೆಂಪು ಒಂದು ಚೂರೂ ಇರಲಿಲ್ಲ. ಅಷ್ಟು ವರ್ಷ ನೋಡಿದ ಕೈ ಇದಲ್ಲ ಅನ್ನಿಸಿ ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಆಮೇಲೆ ನಾನು ಸುಮ್ಮನೆ ಕೂತಿಲ್ಲ. ಕೂರಲಾಗುತ್ತಿಲ್ಲ. ಆ ಪಾಠ ಇನ್ನೂ ನಡೆಯುತ್ತಿದೆ. ನನ್ನ ಬಕೆಟ್ಟಿನ ಹುಳುಗಳನ್ನು ಮಕ್ಕಳು ಇನ್ನೂ ಎಣಿಸುತ್ತಿದ್ದಾರೆ, ಆ ಪಾಠದ ಮೇಲೆ ಮೇಡಂ ಹೆಸರಿದೆ. ಒಂದೊಂದೇ ಕಾಲೇಜಿಗೆ ಹೋಗಿ ಹೇಳುತ್ತೇನೆ. ಕೂಡಿಸಿ ಚಹಾ ಕೊಟ್ಟು ಕಳಿಸುತ್ತಾರೆ. ಮೊನ್ನೆ ಹೋದ ಕಡೆ ತರುಣ ಮಾಸ್ತರರೊಬ್ಬರು ಆ ಕೋಷ್ಟಕವನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ, ಕೈ ಮುಗಿದು ಹೇಳಿದೆ. ಅವರು ಕೇಳಿದರು, ಸಿಟ್ಟಾಗಲಿಲ್ಲ.

"ಹೋಗ್ಲಿ ಬಿಡ್ರಿ ಅಜ್ಜಾರ. ಲೆಕ್ಕ ಮಾಡೂದು ಕಲತ್ರ ಆತು. ಉತ್ತರ ಬರತೈತೆಲ್ಲಾ, ಸಾಕು."

ನನ್ನ ಮಾತು. ಅವರ ಬಾಯಿಂದ ಬಂದರೂ ನನ್ನದೇ. ಅವರ ಮುಂದೆ ಏನು ವಾದಿಸಲಿ? ತಿರುಗಿ ಹೊರಟೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಅಜ್ಜಾರ, ಹಂಗಾರ ಆ ವರ್ಷ ಖರೇ ಎಷ್ಟ ಹುಳಾ ಇದ್ದುವ್ರಿ?"

ಮೇಡಂ ಇದ್ದಿದ್ದರೆ ಆ ಹುಡುಗಿಯನ್ನು ಮುಂದಿನ ಬೆಂಚಿಗೆ ಕರೆದು ಕೂಡಿಸುತ್ತಿದ್ದರು. ಇಡೀ ಕ್ಲಾಸು ನನ್ನನ್ನು ನೋಡುತ್ತಿತ್ತು. ನಾನು ಎಷ್ಟನ್ನು ಇಟ್ಟುಕೊಂಡೆ ಎಂದು ನಾನೇ ಎಂದೂ ಎಣಿಸಿರಲಿಲ್ಲ. ಆ ವರ್ಷಗಳು ಹೋದವು. ಮಡುವನ್ನು ಮಣ್ಣು ಹಾಕಿ ಮುಚ್ಚಿದ್ದಾರೆ, ಈಗ ಅಲ್ಲಿ ಕಬ್ಬು ನಿಂತಿದೆ. ಎಣಿಸಬಲ್ಲವರೂ ಇಲ್ಲ.

"ಗೊತ್ತಿಲ್ಲ ಯವ್ವಾ" ಎಂದೆ. "ಇನ್ನ ಯಾರಿಗೂ ಗೊತ್ತಾಗಂಗಿಲ್ಲ."

ಹುಡುಗಿ ಕೂರಲಿಲ್ಲ. ನಾನು ಇನ್ನೂ ಏನಾದರೂ ಹೇಳಬಹುದೆಂದು ಕಾಯುತ್ತ ನಿಂತೇ ಇದ್ದಳು.